ಬೊಜ್ಜಿನ ಮೈಯಲ್ಲಿ ವಿಟಮಿನ್ ಡಿ ಕಡಿಮೆ: ಪುಡಿ ತೆಗೆದುಕೊಂಡರೆ ಉರಿಯೂತವೂ ಇಳಿಯುತ್ತದೆಯೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಶಿವಮೊಗ್ಗದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಎತ್ತರ 156 ಸೆಂಟಿಮೀಟರ್, ತೂಕ 84 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್. ಕೆಲವು ತಿಂಗಳಿಂದ ಬೆಳಿಗ್ಗೆ ಏಳುವಾಗಲೇ ಮೈಕೈ ನೋವು, ಮಧ್ಯಾಹ್ನದ ಹೊತ್ತಿಗೆ ಕಪ್ಪುಹಲಗೆಯ ಮುಂದೆ ನಿಲ್ಲಲಾರದಷ್ಟು ಸುಸ್ತು. ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಗಳ ವರದಿ ಮೊನ್ನೆ ಕೈಸೇರಿತು: ವಿಟಮಿನ್ ಡಿ 11 ನ್ಯಾನೋಗ್ರಾಂ, ಉರಿಯೂತದ ಸೂಚಕವಾದ ಎಚ್‌ಎಸ್-ಸಿಆರ್‌ಪಿ 11.8 ಮಿಲಿಗ್ರಾಂ, ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.1. ಅರವತ್ತು ಸಾವಿರ ಯೂನಿಟ್‌ನ ಪುಡಿಯನ್ನು ವಾರಕ್ಕೊಂದರಂತೆ ಎಂಟು ವಾರ ತೆಗೆದುಕೊಳ್ಳಬೇಕೆಂದು ಹೇಳಿದ್ದಾರೆ.

ನನ್ನ ತಮ್ಮ ಫೋನಿನಲ್ಲಿ ಬೇರೆಯದನ್ನೇ ಹೇಳುತ್ತಿದ್ದಾನೆ. "ಅಕ್ಕಾ, ವಿಟಮಿನ್ ಡಿ ಇಲ್ಲದ್ದರಿಂದಲೇ ನಿನಗೆ ತೂಕ ಬಂದಿರುವುದು. ಅದನ್ನು 60ರ ಮೇಲಕ್ಕೆ ಏರಿಸು, ಉರಿಯೂತವೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ" ಎನ್ನುತ್ತಾನೆ. ಅವನು ಕಳಿಸಿದ ವಿಡಿಯೋಗಳೆಲ್ಲ ಇದನ್ನೇ ಸಾರುತ್ತಿವೆ. ಇದು ನಿಜವೇ? ಇನ್ನೊಂದು ಸಂದೇಹವೂ ಇದೆ. ದಿನವೂ ಮನೆಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಶಾಲೆಗೆ ನಡೆದೇ ಹೋಗುವ ನನಗೆ, ಬಿಸಿಲಿಗೆ ಬರವಿಲ್ಲದ ಈ ಸೀಮೆಯಲ್ಲಿ, ಈ ಕೊರತೆ ಬಂದದ್ದಾದರೂ ಹೇಗೆ?

ಬಯಲುಬೆಳಕು:

ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ಕಳೆದ ವರ್ಷ 9 ಇತ್ತು, ಪುಡಿ ತೆಗೆದುಕೊಂಡ ಮೇಲೆ 31 ಆಯಿತು. ಮೊಣಕಾಲಿನ ಕೆಳಗಿನ ಎಲುಬು ಒತ್ತಿದರೆ ಆಗುತ್ತಿದ್ದ ನೋವು ಪೂರ್ತಿ ಹೋಯಿತು, ಮೆಟ್ಟಿಲು ಹತ್ತುವುದು ಹಗುರವಾಯಿತು. ತೂಕ ಮಾತ್ರ ಒಂದು ಕಿಲೋ ಕೂಡ ಇಳಿಯಲಿಲ್ಲ.

ಕಿಣ್ವ:

ತುಂಗಾತೀರ ಅವರೇ, ನಾನು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವವನು, ಚಿಕಿತ್ಸೆ ನೀಡುವ ವೈದ್ಯನಲ್ಲ. ಆದ್ದರಿಂದ ಔಷಧದ ಪ್ರಮಾಣದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದಾಗಲಿ. ಆದರೆ ನಿಮ್ಮ ತಮ್ಮ ಹೇಳುತ್ತಿರುವ ಕಾರಣ-ಪರಿಣಾಮದ ಸರಪಳಿ ಬಹುಮಟ್ಟಿಗೆ ತಿರುವುಮುರುವಾಗಿದೆ. ಅದು ಏಕೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಕೊರತೆಯ ವಿಷಯ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ವಿಟಮಿನ್ ಡಿ3 ಆಗುತ್ತದೆ. ಅದು ರಕ್ತದ ಮೂಲಕ ಯಕೃತ್ತಿಗೆ ಹೋಗಿ ಅಲ್ಲಿ ಒಮ್ಮೆ ಮಾರ್ಪಡುತ್ತದೆ. ನಿಮ್ಮ ವರದಿಯಲ್ಲಿ 11 ಎಂದು ಬಂದಿರುವುದು ಹೀಗೆ ಯಕೃತ್ತಿನಲ್ಲಿ ಮಾರ್ಪಟ್ಟ ರೂಪದ ಅಳತೆ. ಆಮೇಲೆ ಮೂತ್ರಪಿಂಡದಲ್ಲಿ ಅದು ಕೆಲಸ ಮಾಡುವ ರೂಪಕ್ಕೆ ಬರುತ್ತದೆ. ಅಮೆರಿಕದ ಮೈಕೆಲ್ ಹೋಲಿಕ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ಬಹಳ ಮುಖ್ಯವಾದುದು. ಬೊಜ್ಜಿರುವವರ ಮತ್ತು ಇಲ್ಲದವರ ಮೈಗೆ ಒಂದೇ ಪ್ರಮಾಣದ ಯುವಿ-ಬಿ ಬೆಳಕು ಹಾಯಿಸಿ, 24 ಗಂಟೆಗಳ ನಂತರ ರಕ್ತ ನೋಡಿದರು. ಬೊಜ್ಜಿರುವವರಲ್ಲಿ ವಿಟಮಿನ್ ಡಿ3 ಏರಿದ್ದು ಉಳಿದವರಿಗಿಂತ ಶೇ 57ರಷ್ಟು ಕಡಿಮೆ. ಆದರೆ ಚರ್ಮದಲ್ಲಿದ್ದ ಕಚ್ಚಾ ವಸ್ತುವಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಅಂದರೆ ಕೊರತೆ ಹುಟ್ಟುವುದು ಚರ್ಮ ಅದನ್ನು ತಯಾರಿಸುವುದರಲ್ಲಿ ಅಲ್ಲ, ತಯಾರಾದದ್ದು ರಕ್ತಕ್ಕೆ ಬಂದು ಅಲ್ಲಿ ಉಳಿಯುವುದರಲ್ಲಿ.

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವ ವಸ್ತು. ಒಂದು ಅಚ್ಚು ಬೆಲ್ಲವನ್ನು ಒಂದು ಚೊಂಬು ನೀರಿಗೆ ಹಾಕಿದರೂ ಒಂದು ಕೊಡ ನೀರಿಗೆ ಹಾಕಿದರೂ ಬೆಲ್ಲ ಅಷ್ಟೇ ಇರುತ್ತದೆ, ಆದರೆ ಕೊಡದ ನೀರನ್ನು ಕುಡಿದವರಿಗೆ ಸಿಹಿ ತಿಳಿಯುವುದಿಲ್ಲ. ದೇಹದ ಗಾತ್ರ ಹೆಚ್ಚಿದಂತೆ ಅದೇ ಬಿಸಿಲು, ಅದೇ ಮಾತ್ರೆ, ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಇಷ್ಟೇ ಅಲ್ಲದೆ, ಹೆಚ್ಚು ಕೊಬ್ಬಿನ ಆಹಾರ ತಿನ್ನಿಸಿ ಬೊಜ್ಜು ಬರಿಸಿದ ಇಲಿಗಳ ಯಕೃತ್ತಿನಲ್ಲಿ ಮೊದಲ ಮಾರ್ಪಾಟನ್ನು ಮಾಡುವ ಸಿವೈಪಿ2ಆರ್1 ಎಂಬ ಕಿಣ್ವವೇ ಕಡಿಮೆಯಾಗಿರುವುದನ್ನು 2019ರಲ್ಲಿ ತೋರಿಸಿದ್ದಾರೆ. ಹೀಗಾಗಿ ಕಾರಣ ಒಂದೇ ಎಂದು ಹೇಳಲಾಗದು, ಕೆಲವು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತಿರಬೇಕು.

ಹಾಗಾದರೆ ಯಾವುದು ಮೊದಲು, ಬೊಜ್ಜೋ ಕೊರತೆಯೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಕರಣಿ ವಿಮಲೇಶ್ವರನ್ ಮತ್ತು ಸಂಗಡಿಗರು 21 ಅಧ್ಯಯನಗಳಿಂದ ಸುಮಾರು 42,000 ಜನರ ವಂಶವಾಹಿಗಳ ಮಾಹಿತಿಯನ್ನು ಕೂಡಿಸಿ 2013ರಲ್ಲಿ ಪ್ರಕಟಿಸಿದರು. ಹುಟ್ಟಿನಿಂದ ಬರುವ ವಂಶವಾಹಿಗಳನ್ನು ನಮ್ಮ ಊಟವಾಗಲಿ ನಡಿಗೆಯಾಗಲಿ ಬದಲಿಸುವುದಿಲ್ಲ ಎಂಬುದೇ ಈ ವಿಧಾನದ ಬಲ. ತೂಕ ಹೆಚ್ಚಿಸುವ ವಂಶವಾಹಿಗಳಿದ್ದವರಲ್ಲಿ ವಿಟಮಿನ್ ಡಿ ಕಡಿಮೆ ಇತ್ತು. ಆದರೆ ವಿಟಮಿನ್ ಡಿಯನ್ನೇ ಕಡಿಮೆ ಮಾಡುವ ವಂಶವಾಹಿಗಳಿದ್ದವರಲ್ಲಿ ತೂಕ ಹೆಚ್ಚಿದ ಸುಳಿವು ಸಿಗಲಿಲ್ಲ. ಅವರ ಲೆಕ್ಕದಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಶೇ 10ರಷ್ಟು ಹೆಚ್ಚಾದರೆ ವಿಟಮಿನ್ ಡಿ ಶೇ 4.2ರಷ್ಟು ಇಳಿಯುತ್ತದೆ. ಗಣಿತದವರಾದ ನಿಮಗೆ ಇದರ ದಿಕ್ಕು ಥಟ್ಟನೆ ಕಾಣಿಸಿರಬೇಕು: ಬಾಣ ಬೊಜ್ಜಿನಿಂದ ಕೊರತೆಯ ಕಡೆಗಿದೆ.

ಉರಿಯೂತದ ಬಗ್ಗೆ ಬರೆಯುವ ಮೊದಲು ಒಂದು ಮಾತು ಕೇಳಬೇಕು. ಎಚ್‌ಎಸ್-ಸಿಆರ್‌ಪಿ 11.8 ಎಂಬುದು ಬರಿಯ ಬೊಜ್ಜಿನ ಲೆಕ್ಕಕ್ಕೆ ತುಸು ಹೆಚ್ಚೇ ಆಯಿತು. ರಕ್ತ ಕೊಟ್ಟ ದಿನಗಳಲ್ಲಿ ನಿಮಗೆ ನೆಗಡಿ, ಜ್ವರ, ಹಲ್ಲುನೋವು, ಗಾಯ ಏನಾದರೂ ಇತ್ತೇ?

ತುಂಗಾತೀರ:

ನೀವು ಕೇಳಿದ್ದು ಒಳ್ಳೆಯದಾಯಿತು. ಆ ವಾರ ನನ್ನ ಎಡಗಡೆಯ ದವಡೆಹಲ್ಲಿನ ಬುಡ ಬಾತು, ಎರಡು ದಿನ ಗಂಜಿಯನ್ನೇ ಕುಡಿದಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲೇ ಇಲ್ಲ, ರಕ್ತ ತೆಗೆದವರೂ ಕೇಳಲಿಲ್ಲ.

ಕಿಣ್ವ:

ಸಂಬಂಧ ಖಂಡಿತ ಇದೆ. ಸಿಆರ್‌ಪಿ ಯಕೃತ್ತು ತಯಾರಿಸುವ ಒಂದು ಪ್ರೋಟೀನ್. ದೇಹದಲ್ಲಿ ಎಲ್ಲಿ ಉರಿಯೂತವಿದ್ದರೂ ಅದು ಏರುತ್ತದೆ, ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಹೃದಯದ ಅಪಾಯ ಅಳೆಯಲು ಅದನ್ನು ನೋಡುವಾಗ 1ಕ್ಕಿಂತ ಕಡಿಮೆಯಿದ್ದರೆ ಕಡಿಮೆ ಅಪಾಯ, 3ಕ್ಕಿಂತ ಹೆಚ್ಚಿದ್ದರೆ ಹೆಚ್ಚು ಅಪಾಯ ಎಂದು ಎಣಿಸುತ್ತಾರೆ. 10 ದಾಟಿದರೆ ಮೊದಲು ಸೋಂಕು ಅಥವಾ ಗಾಯವನ್ನು ಹುಡುಕಿ, ಅದು ವಾಸಿಯಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಹಲ್ಲಿಗೆ ಚಿಕಿತ್ಸೆ ಪಡೆದು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಉರಿಯೂತವೇ ರಕ್ತದಲ್ಲಿನ ವಿಟಮಿನ್ ಡಿ ಮಟ್ಟವನ್ನು ಇಳಿಸುತ್ತದೆ. ಮೊಣಕಾಲಿನ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರ ರಕ್ತವನ್ನು ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಿಆರ್‌ಪಿ ಏರಿದ ಆ ಕೆಲವೇ ದಿನಗಳಲ್ಲಿ ಅವರ ವಿಟಮಿನ್ ಡಿ ಶೇ 40ರಷ್ಟು ಕುಸಿದಿತ್ತು. ಅವರು ಬಿಸಿಲು ತಪ್ಪಿಸಿದ್ದರಿಂದ ಆದದ್ದಲ್ಲ ಅದು, ಅಷ್ಟು ಬೇಗ ಹಾಗಾಗಲು ಸಾಧ್ಯವಿಲ್ಲ. ಆದ್ದರಿಂದ ನಿಮ್ಮ 11ರಲ್ಲಿಯೂ ಹಲ್ಲಿನ ಪಾಲು ಸ್ವಲ್ಪ ಇದ್ದಿರಬಹುದು.

ಹಸಿರುಹಾದಿ:

ಕಿಣ್ವ ಅವರ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪ. ನಾನು ಔಷಧ ವಿಜ್ಞಾನದ ವಿದ್ಯಾರ್ಥಿ. ಕೊಬ್ಬಿನ ಜೀವಕೋಶಗಳಲ್ಲಿಯೂ ರೋಗನಿರೋಧಕ ಕೋಶಗಳಲ್ಲಿಯೂ ವಿಟಮಿನ್ ಡಿ ಗ್ರಾಹಕಗಳು, ಅಂದರೆ ಅದು ಬಂದು ಅಂಟಿಕೊಳ್ಳುವ ತಾಣಗಳು, ಇವೆ. ಪ್ರಯೋಗಾಲಯದ ತಟ್ಟೆಯಲ್ಲಿ ಈ ಕೋಶಗಳಿಗೆ ಕ್ರಿಯಾಶೀಲ ವಿಟಮಿನ್ ಡಿ ಕೊಟ್ಟರೆ ಐಎಲ್-6, ಟಿಎನ್‌ಎಫ್-ಆಲ್ಫಾದಂತಹ ಉರಿಯೂತದ ಸಂದೇಶವಾಹಕಗಳು ಕಡಿಮೆಯಾಗುತ್ತವೆ. ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಗುಂಡಿಯನ್ನೇ ಅದು ಅದುಮಿಡುತ್ತದೆ. ಇಷ್ಟು ಸ್ಪಷ್ಟವಾದ ಕಾರ್ಯವಿಧಾನ ಕಣ್ಣೆದುರಿಗಿರುವಾಗ, ಪುಡಿಯಿಂದ ಉರಿಯೂತ ಇಳಿಯುವುದಿಲ್ಲ ಎಂದು ಹೇಗೆ ಹೇಳುವುದು?

ಕಿಣ್ವ:

ನಿಮ್ಮ ಆಕ್ಷೇಪ ಸರಿಯಾದದ್ದೇ, ಮತ್ತು ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಟ್ಟೆಯಲ್ಲಿ ಕಾಣುವುದು ಸುಳ್ಳಲ್ಲ. ಆದರೆ ಬೊಜ್ಜಿನ ಉರಿಯೂತ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು.

ಗೊಖಾನ್ ಹೊತಾಮಿಸ್ಲಿಗಿಲ್ ಮತ್ತು ಸಂಗಡಿಗರು 1993ರಲ್ಲಿ ಬೊಜ್ಜಿನ ಇಲಿಗಳ ಕೊಬ್ಬಿನಲ್ಲೇ ಟಿಎನ್‌ಎಫ್-ಆಲ್ಫಾ ತಯಾರಾಗುತ್ತಿರುವುದನ್ನೂ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುವುದನ್ನೂ ತೋರಿಸಿದಾಗ, ಕೊಬ್ಬು ಬರಿಯ ಉಗ್ರಾಣವೆಂಬ ಹಳೆಯ ನಂಬಿಕೆ ಅಲುಗಾಡಿತು. 2003ರಲ್ಲಿ ಎರಡು ತಂಡಗಳು, ಬೊಜ್ಜು ಹೆಚ್ಚಿದಂತೆ ಮ್ಯಾಕ್ರೋಫೇಜ್ ಎಂಬ ಬಿಳಿರಕ್ತಕಣಗಳು ಕೊಬ್ಬಿನೊಳಗೆ ಬಂದು ಸೇರುತ್ತವೆ ಎಂದು ಕಂಡುಕೊಂಡವು. ತೆಳ್ಳಗಿನ ಮೈಯ ಕೊಬ್ಬಿನಲ್ಲಿ ಅವು ಜೀವಕೋಶಗಳ ಶೇ 10ಕ್ಕಿಂತ ಕಡಿಮೆ. ತೀವ್ರ ಬೊಜ್ಜಿನ ಇಲಿಗಳಲ್ಲಿ ಶೇ 50ಕ್ಕೂ ಹೆಚ್ಚು. ಸೂಕ್ಷ್ಮದರ್ಶಕದಲ್ಲಿ ನಾನು ವಿದ್ಯಾರ್ಥಿಗಳಿಗೆ ತೋರಿಸುವ ಒಂದು ನೋಟವಿದೆ. ಉಬ್ಬಿ ಸತ್ತ ಕೊಬ್ಬಿನ ಕೋಶ ಒಂದು ದೊಡ್ಡ ಬಿಳಿಯ ವೃತ್ತದಂತೆ ನಡುವಿನಲ್ಲಿರುತ್ತದೆ, ಅದರ ಸುತ್ತ ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಒತ್ತಿಕೊಂಡು, ಮಲ್ಲಿಗೆ ದಂಡೆಯ ಹಾಗೆ, ಬಳಸಿ ನಿಂತಿರುತ್ತವೆ. ಸತ್ತ ಕೋಶದ ಎಣ್ಣೆಹನಿಯನ್ನು ತೆರವುಗೊಳಿಸುವುದು ಅವುಗಳ ಕೆಲಸ. ಆ ಕೆಲಸ ಮುಗಿಯುವುದೇ ಇಲ್ಲ, ಏಕೆಂದರೆ ಪಕ್ಕದಲ್ಲಿ ಇನ್ನೊಂದು ಕೋಶ ಉಬ್ಬುತ್ತಿರುತ್ತದೆ. ಅಲ್ಲಿಂದ ಹೊರಟ ಐಎಲ್-6 ಯಕೃತ್ತನ್ನು ತಲುಪಿ ಸಿಆರ್‌ಪಿ ತಯಾರಿಸುವಂತೆ ಮಾಡುತ್ತದೆ.

ಹೀಗಿರುವಾಗ ವಿಟಮಿನ್ ಡಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಮನುಷ್ಯರಲ್ಲೇ ಪರೀಕ್ಷಿಸಿದ್ದಾರೆ. ಡೆನ್ಮಾರ್ಕ್‌ನಲ್ಲಿ ವಿಟಮಿನ್ ಡಿ ಕಡಿಮೆಯಿದ್ದ 52 ಮಂದಿ ಬೊಜ್ಜಿನವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 7,000 ಯೂನಿಟ್‌ನಂತೆ 26 ವಾರ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. ರಕ್ತದ ವಿಟಮಿನ್ ಡಿ ಚೆನ್ನಾಗಿ ಏರಿತು. ಆದರೆ ಕೊಬ್ಬಿನ ಪ್ರಮಾಣ, ಉರಿಯೂತದ ಸೂಚಕಗಳು, ಇನ್ಸುಲಿನ್ ಪ್ರತಿರೋಧ ಯಾವುದೂ ಬದಲಾಗಲಿಲ್ಲ. ಅಮೆರಿಕದ ವೈಟಲ್ ಪ್ರಯೋಗ ಇದಕ್ಕಿಂತ ಬಹಳ ದೊಡ್ಡದು. 25,871 ಜನ, ವಿಟಮಿನ್ ಡಿ ಪಾಲಿಗೆ ಬಂದವರಿಗೆ ದಿನಕ್ಕೆ 2,000 ಯೂನಿಟ್, ಐದು ವರ್ಷಕ್ಕೂ ಮೇಲ್ಪಟ್ಟ ಕಾಲ. ಹೃದಯಾಘಾತವಾಗಲಿ ಕ್ಯಾನ್ಸರ್ ಬರುವುದಾಗಲಿ ಗಣನೀಯವಾಗಿ ಕಡಿಮೆಯಾಗಲಿಲ್ಲ. ಅದೇ ಜನರ ಬಿಎಂಐ ಪ್ರಕಾರ ವಿಂಗಡಿಸಿ ನೋಡಿದಾಗ, ಒಂದೇ ಮಾತ್ರೆ ನುಂಗಿದರೂ ಹೆಚ್ಚು ತೂಕದವರಲ್ಲಿ ರಕ್ತದ ಮಟ್ಟ ಏರಿದ್ದು ಕಡಿಮೆ ಎಂಬುದು 2023ರಲ್ಲಿ ಹೊರಬಂತು.

ನನ್ನ ಅಭಿಪ್ರಾಯ ಇದು. ತೀರಾ ಕೊರತೆ ಇರುವವರಲ್ಲಿ, ಅಂದರೆ 10ರ ಆಸುಪಾಸಿನಲ್ಲಿ ಇರುವವರಲ್ಲಿ, ವಿಟಮಿನ್ ಡಿ ತುಂಬಿಸಿದರೆ ಉರಿಯೂತಕ್ಕೂ ಸ್ವಲ್ಪ ಒಳಿತಾಗುವ ಸಾಧ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬ್ರಿಟನ್ನಿನ ಸುಮಾರು 2,95,000 ಜನರ ವಂಶವಾಹಿ ಮಾಹಿತಿಯ ಮೇಲೆ 2022ರಲ್ಲಿ ಬಂದ ವಿಶ್ಲೇಷಣೆ ಆ ದಿಕ್ಕಿಗೇ ಬೆರಳು ತೋರಿಸಿತು, ಆದರೆ ಪರಿಣಾಮ ಎಲ್ಲ ಮಟ್ಟದಲ್ಲೂ ಒಂದೇ ಸಮನಲ್ಲ ಎಂದು ಎಣಿಸುವ ಅಂಥ ಬಾಗುರೇಖೆಯ ಲೆಕ್ಕಾಚಾರದ ವಿಧಾನದ ಮೇಲೆಯೇ ಆಮೇಲೆ ಗಂಭೀರ ಪ್ರಶ್ನೆಗಳೆದ್ದಿವೆ. ಕೊರತೆ ನೀಗಿದ ಮೇಲೂ 60ಕ್ಕೆ, 80ಕ್ಕೆ ಏರಿಸುತ್ತ ಹೋದರೆ ಉರಿಯೂತ ಇನ್ನಷ್ಟು ಇಳಿಯುತ್ತದೆ ಎಂಬುದಕ್ಕೆ ಆಧಾರ ನನಗೆ ಕಾಣುತ್ತಿಲ್ಲ. ಒಲೆಯಲ್ಲಿ ಸೌದೆ ಉರಿಯುತ್ತಿರುವವರೆಗೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಅದು. ಸೌದೆ ಹಿಂದಕ್ಕೆಳೆಯುವ ಕೆಲಸ ಬೇರೆಯೇ ಇದೆ.

ಹಸಿರುಹಾದಿ:

ಒಪ್ಪಿದೆ. ತಟ್ಟೆಯಲ್ಲಿ ಹಾಕುವುದು ಕ್ರಿಯಾಶೀಲ ರೂಪ, ಅದೂ ರಕ್ತದಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಾಂದ್ರತೆಯಲ್ಲಿ ಎಂಬುದನ್ನು ನಾನೇ ಹೇಳಬೇಕಿತ್ತು. ಮೂತ್ರಪಿಂಡ ಆ ರೂಪದ ಮಟ್ಟವನ್ನು ಬಿಗಿಯಾಗಿ ಹಿಡಿದಿಡುವುದರಿಂದ, ಬಾಯಿಯಿಂದ ಎಷ್ಟು ನುಂಗಿದರೂ ಆ ಸಾಂದ್ರತೆ ಬರುವುದಿಲ್ಲ.

ಪೊಟ್ಟಣ:

ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ತುಂಗಾತೀರ ಮೇಡಂ ಅವರ ತಮ್ಮನಿಗೆ ದಯವಿಟ್ಟು ಈ ಮಾತನ್ನು ತಲುಪಿಸಿ.

ಮೂರು ವರ್ಷದ ಹಿಂದೆ ನಮ್ಮ ಅಂಗಡಿಗೆ ಬರುತ್ತಿದ್ದ ಹಿರಿಯರೊಬ್ಬರಿಗೆ ಇದೇ ಅರವತ್ತು ಸಾವಿರದ ಪುಡಿ ಬರೆದಿದ್ದರು. ಚೀಟಿಯಲ್ಲಿದ್ದದ್ದು ವಾರಕ್ಕೊಂದು. ಅವರು ತಿಳಿದುಕೊಂಡದ್ದು ದಿನಕ್ಕೊಂದು. ಖಾಲಿಯಾದಾಗಲೆಲ್ಲ ಮೊಮ್ಮಗನನ್ನು ಕಳಿಸಿ ತರಿಸಿಕೊಂಡರು, ನಾವೂ ಕೊಟ್ಟೆವು. ಐದು ವಾರದ ಹೊತ್ತಿಗೆ ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಮಾತಿನಲ್ಲಿ ತಡವರಿಕೆ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಕ್ಯಾಲ್ಸಿಯಂ 13 ದಾಟಿತ್ತು, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿತ್ತು. ಚೇತರಿಸಿಕೊಂಡರು, ಆದರೆ ತಿಂಗಳುಗಳೇ ಹಿಡಿದವು, ಏಕೆಂದರೆ ಕೊಬ್ಬಿನಲ್ಲಿ ಸೇರಿದ ವಿಟಮಿನ್ ಡಿ ಒಂದೆರಡು ದಿನದಲ್ಲಿ ಹೊರಗೆ ಹೋಗುವುದಿಲ್ಲ. ಕೇಳದೆ ಕೊಟ್ಟ ತಪ್ಪು ನನ್ನದು. ಆ ಸಂಕಟ ಇಂದಿಗೂ ಹೋಗಿಲ್ಲ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಪುಡಿಯ ಪೊಟ್ಟಣವನ್ನು ಕೊಡುವಾಗ ಪ್ರತಿಯೊಂದರ ಮೇಲೂ ಕಪ್ಪು ಮಾರ್ಕರ್‌ನಲ್ಲಿ ದಿನಾಂಕವನ್ನೇ ಬರೆಯುತ್ತೇನೆ: ಈ ಸೋಮವಾರ, ಮುಂದಿನ ಸೋಮವಾರ, ಅದರ ಮುಂದಿನ ಸೋಮವಾರ. ನಾಲ್ಕಕ್ಕಿಂತ ಹೆಚ್ಚು ಒಮ್ಮೆಲೇ ಕೊಡುವುದಿಲ್ಲ. ಪೊಟ್ಟಣದಲ್ಲಿ ಇರುವುದು ಒಂದೇ ಗ್ರಾಂ ಪುಡಿ, ಕಿತ್ತಳೆಯ ರುಚಿ, ನೋಡಿದರೆ ಗ್ಲೂಕೋಸಿನ ಹಾಗೆ ನಿರುಪದ್ರವಿಯಾಗಿ ಕಾಣುತ್ತದೆ. ಆದರೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿರುವುದು ದಿನಕ್ಕೆ 600 ಯೂನಿಟ್. ಒಂದು ಪೊಟ್ಟಣವೆಂದರೆ ನೂರು ದಿನದ ಪಾಲು. ಕಿಡ್ನಿಯಲ್ಲಿ ಕಲ್ಲಾದವರು, ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ತುಂಗಾತೀರ:

ಓದಿ ಮನಸ್ಸು ಭಾರವಾಯಿತು. ತಮ್ಮನಿಗೆ ನಿಮ್ಮ ಬರಹವನ್ನು ಹಾಗೆಯೇ ಕಳಿಸಿದ್ದೇನೆ. ಇನ್ನು ಬಿಸಿಲಿನ ನನ್ನ ಪ್ರಶ್ನೆ ಉಳಿದಿದೆ.

ಕಿಣ್ವ:

ನೀವು ಮನೆ ಬಿಡುವುದು ಎಷ್ಟು ಗಂಟೆಗೆ, ಹಿಂದಿರುಗುವುದು ಎಷ್ಟಕ್ಕೆ ಎಂದು ಯೋಚಿಸಿ ನೋಡಿ. ತಿರುಪತಿಯಲ್ಲಿ ಸಿ. ವಿ. ಹರಿನಾರಾಯಣ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಸರಿಯಾದ ಹೊತ್ತೆಂದು ಕಂಡುಬಂದದ್ದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ. ತಿರುಪತಿ, ಬೆಂಗಳೂರು, ಶಿವಮೊಗ್ಗ ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎಳೆಬಿಸಿಲು ಒಳ್ಳೆಯದೆಂದು ಹಿರಿಯರು ಹೇಳುತ್ತಿದ್ದರು, ಹಿತಕ್ಕೆ ಅದು ಸರಿಯೇ. ಆದರೆ ಆ ಹೊತ್ತಿನಲ್ಲಿ ಯುವಿ-ಬಿ ಕಿರಣಗಳು ವಾತಾವರಣದಲ್ಲೇ ಬಹುಪಾಲು ಸೋಸಿಹೋಗಿರುತ್ತವೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತೇ ಬೇಕಾದದ್ದು. ಸೀರೆಯುಟ್ಟು ಮೊಣಕೈವರೆಗಿನ ರವಿಕೆ ತೊಟ್ಟರೆ ಬಿಸಿಲಿಗೆ ಸಿಗುವುದು ಮುಖ, ಮುಂಗೈ ಅಷ್ಟೇ. ಶ್ಯಾಮಲ ವರ್ಣದ ಚರ್ಮಕ್ಕೆ ಹೊತ್ತೂ ಹೆಚ್ಚು ಬೇಕು. ಊಟದ ಬಿಡುವಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಶಾಲೆಯ ಅಂಗಳದಲ್ಲಿ ನಡೆದರೆ ಉಪಯೋಗವಾದೀತು, ಆದರೆ ಚರ್ಮ ಕೆಂಪಾಗುವಷ್ಟು ನಿಲ್ಲಬೇಡಿ.

ದೂರದಮಳೆ:

ಮ್ಯಾಂಚೆಸ್ಟರ್‌ನಲ್ಲಿರುವ ನಮಗೆ ಆ ಅವಕಾಶವೂ ಇಲ್ಲ. ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ನಡುಮಧ್ಯಾಹ್ನ ನಿಂತರೂ ಸಾಕಷ್ಟು ಯುವಿ-ಬಿ ಸಿಗುವುದಿಲ್ಲ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ತೆಗೆದುಕೊಳ್ಳಿ ಎಂಬುದು ಇಲ್ಲಿನ ಸರ್ಕಾರದ ಸಲಹೆ. ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದೂ ಹೇಳುತ್ತಾರೆ. ನನ್ನ ಪ್ರಶ್ನೆ ಬೇರೆ. ನನ್ನ ತೂಕ 64 ಕಿಲೋ, ಬಿಎಂಐ 23.5. ಬೊಜ್ಜು ಎನ್ನುವಂತಿಲ್ಲ, ಆದರೂ ಹೊಟ್ಟೆ ಮುಂದೆ ಬಂದಿದೆ. ಈ ಚರ್ಚೆ ನನಗೂ ಅನ್ವಯಿಸುತ್ತದೆಯೇ?

ಕಿಣ್ವ:

ಅನ್ವಯಿಸುತ್ತದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ತಜ್ಞರು ಬೇರೆಯೇ ಗೆರೆ ಎಳೆದಿದ್ದಾರೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಜಾನ್ ಯಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3, ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮಲ್ಲಿ ತಕ್ಕಡಿಗಿಂತ ಟೇಪು ಹೆಚ್ಚು ನಿಜ ಹೇಳುತ್ತದೆ. ಗಂಡಸರಲ್ಲಿ ಸೊಂಟ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದ್ದರೆ ಹೊಟ್ಟೆಯೊಳಗಿನ ಕೊಬ್ಬನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಯಲುಬೆಳಕು:

ಹಾಗಾದರೆ ಪುಡಿಯ ಜೊತೆ ತೂಕವನ್ನೂ ಇಳಿಸಿದರೆ ಉರಿಯೂತಕ್ಕೆ ಹೆಚ್ಚು ಲಾಭವೇ?

ಕಿಣ್ವ:

ಇದನ್ನು ಸಿಯಾಟಲ್‌ನಲ್ಲಿ ಪರೀಕ್ಷಿಸಿದ್ದಾರೆ. ಮುಟ್ಟು ನಿಂತ, ತೂಕ ಹೆಚ್ಚಿದ್ದ 218 ಮಹಿಳೆಯರು ಒಂದು ವರ್ಷ ಊಟ-ವ್ಯಾಯಾಮದ ಶಿಸ್ತು ಪಾಲಿಸಿದರು. ಅರ್ಧದಷ್ಟು ಜನರಿಗೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಹುಸಿಮಾತ್ರೆ. ತೂಕ ಎರಡೂ ಗುಂಪಿನಲ್ಲಿ ಒಂದೇ ಸಮನಾಗಿ ಇಳಿಯಿತು, ಸಿಆರ್‌ಪಿಯಲ್ಲೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅದೇ ಊರಿನ ಇನ್ನೊಂದು ಅಧ್ಯಯನ ಇನ್ನೂ ಕುತೂಹಲದ್ದು: ತೂಕ ಇಳಿಸಿದ ಮಹಿಳೆಯರಲ್ಲಿ ವಿಟಮಿನ್ ಡಿ ತಾನಾಗಿ ಏರಿತು, ಶೇ 15ಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಸುಮಾರು 7.7 ನ್ಯಾನೋಗ್ರಾಂನಷ್ಟು. ತೂಕ ಇಳಿದರೆ ಸಿಆರ್‌ಪಿ ಇಳಿಯುತ್ತದೆ ಎಂಬುದಂತೂ ಎಷ್ಟೋ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಂತ ವಿಷಯ. ತುಂಗಾತೀರ ಅವರಿಗೆ ಶೇ 5 ಎಂದರೆ ನಾಲ್ಕು ಕಿಲೋ ಚಿಲ್ಲರೆ. ಅಲ್ಲಿಂದಲೇ ವ್ಯತ್ಯಾಸ ಶುರುವಾಗುತ್ತದೆ.

ಪುಡಿಯನ್ನು ಮಾತ್ರ ಬಿಡಬೇಡಿ. 11 ಎಂಬುದು ಎಲುಬಿಗೆ, ಸ್ನಾಯುವಿಗೆ ನಿಜವಾದ ಕೊರತೆ. ಖಾಲಿ ಹೊಟ್ಟೆಗೆ ತೆಗೆದುಕೊಳ್ಳದೆ, ಎಣ್ಣೆಯೋ ತುಪ್ಪವೋ ಇರುವ ಊಟದ ಜೊತೆ ತೆಗೆದುಕೊಳ್ಳಿ, ಹೀರಿಕೆ ಹೆಚ್ಚುತ್ತದೆ.

ತುಂಗಾತೀರ (ನಾಲ್ಕು ತಿಂಗಳ ನಂತರ):

ಇಲ್ಲಿ ಸಹಾಯ ಮಾಡಿದವರೆಲ್ಲರಿಗೂ ವಿವರ ತಿಳಿಸುವುದು ನನ್ನ ಕರ್ತವ್ಯ. ಹಲ್ಲಿಗೆ ಬೇರಿನ ಚಿಕಿತ್ಸೆಯಾದ ಮೂರು ವಾರಕ್ಕೆ ಎಚ್‌ಎಸ್-ಸಿಆರ್‌ಪಿ ಮತ್ತೆ ಮಾಡಿಸಿದೆ, 11.8 ಇದ್ದದ್ದು 4.6ಕ್ಕೆ ಬಂದಿತ್ತು. ಆಗ ನಾನು ತೆಗೆದುಕೊಂಡಿದ್ದದ್ದು ಮೂರೇ ಪೊಟ್ಟಣ. ಹಲ್ಲಿನ ವಿಷಯ ಗೊತ್ತಿಲ್ಲದಿದ್ದರೆ ಆ ಇಳಿಕೆಯನ್ನೆಲ್ಲ ಪುಡಿಯ ಖಾತೆಗೇ ಬರೆದುಬಿಡುತ್ತಿದ್ದೆ.

ಎಂಟು ವಾರದ ಪುಡಿ ಮುಗಿಯಿತು. ಸೋಮವಾರ ಮಧ್ಯಾಹ್ನ ಊಟವಾದ ಕೂಡಲೇ ತೆಗೆದುಕೊಂಡು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಿದ್ದೆ. ರಾತ್ರಿ ಅನ್ನ ಬಿಟ್ಟು ಒಂದು ಮುದ್ದೆ, ಸೊಪ್ಪಿನ ಸಾರು, ಒಂದು ಬಟ್ಟಲು ಕೋಸಂಬರಿ ಎಂದು ಗೊತ್ತುಮಾಡಿಕೊಂಡೆ, ಸಂಜೆ ನಲವತ್ತು ನಿಮಿಷ ತುಂಗೆಯ ದಡದಲ್ಲಿ ನಡೆಯುತ್ತೇನೆ. ತೂಕ 79.2, ಸೊಂಟ 97. ನಿನ್ನೆ ಬಂದ ವರದಿಯಲ್ಲಿ ವಿಟಮಿನ್ ಡಿ 29, ಎಚ್‌ಎಸ್-ಸಿಆರ್‌ಪಿ 3.4, ಎಚ್‌ಬಿಎ1ಸಿ 5.8. ಮೈಕೈ ನೋವು ಐದನೆಯ ವಾರದ ಹೊತ್ತಿಗೇ ಹೋಗಿತ್ತು, ತೂಕ ಆಗ ಒಂದೇ ಕಿಲೋ ಇಳಿದಿತ್ತು. ಆದ್ದರಿಂದ ನೋವು ಹೋದದ್ದು ಪುಡಿಯಿಂದ ಎಂದೇ ನಾನು ಎಣಿಸುತ್ತೇನೆ.

ವೈದ್ಯರು ವಾರದ ಪುಡಿಯನ್ನು ನಿಲ್ಲಿಸಿ ತಿಂಗಳಿಗೊಂದು ಎಂದಿದ್ದಾರೆ. ತಮ್ಮ ಈಗಲೂ 60ರ ಮಾತು ತೆಗೆಯುತ್ತಾನೆ. ಬರುವ ದೀಪಾವಳಿಗೆ ಊರಿಗೆ ಬಂದಾಗ ಅವನ ಸೊಂಟವನ್ನೂ ಟೇಪಿನಲ್ಲಿ ಅಳೆಯುವುದಾಗಿ ಹೇಳಿದ್ದೇನೆ.

ಪೊಟ್ಟಣ:

ತುಂಬ ಸಂತೋಷವಾಯಿತು ಮೇಡಂ. ತಿಂಗಳಿಗೊಂದು ಎಂದ ಮೇಲೆ ಕ್ಯಾಲೆಂಡರ್‌ನಲ್ಲಿ ಡಿಸೆಂಬರ್‌ವರೆಗಿನ ತಾರೀಖುಗಳಿಗೆ ಇಂದೇ ಗುರುತು ಹಾಕಿಡಿ. ವಾರದಿಂದ ತಿಂಗಳಿಗೆ ಬದಲಾಗುವಾಗಲೇ ಹೆಚ್ಚಿನವರಿಗೆ ಲೆಕ್ಕ ತಪ್ಪುವುದು.